ಬಸ್ಸಿನಲ್ಲಿ ಬಂದ ಲಿನಕ್ಸ್



ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿಯೇ ಸುಮಾರು 147 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗೆ ಹರಿದು ಬಂದಿತು. ಬೆಂಗಳೂರಿನ ಬೀದಿದೀಪಗಳೂ 1905ರವರೆಗೆ ಕಾಯಬೇಕಾಯಿತು. ಆದರೆ ಗಣಿಯ ಸುತ್ತಲಿನ ಹಳ್ಳಿಗಳಲ್ಲಿ ಅನಂತರವೂ ಬಹುಕಾಲ ಉರಿದದ್ದು ಸೀಮೆಎಣ್ಣೆಯ ಬುಡ್ಡಿಯೇ. ನೂರು ವರ್ಷಗಳ ಬಳಿಕ ಅಂತರಜಾಲದ ವಿಷಯದಲ್ಲಿಯೂ ಇದೇ ಕಥೆ ಮರುಕಳಿಸಿತು. ಬೆಂಗಳೂರು ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುತ್ತಿದ್ದಾಗ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನಮಗಿದ್ದದ್ದು ದೂರವಾಣಿಯ ತಂತಿಗೆ ಜೋಡಿಸಿದ ಮೋಡೆಮಿನ ಕಿರ್ರೆನ್ನುವ ಸದ್ದು ಮಾತ್ರ. ಆ ಕಾಲದಲ್ಲಿ ಲಿನಕ್ಸ್ ನಮ್ಮ ಕಡೆಗೆ ಹೇಗೆ ಬಂದಿತೆಂಬುದನ್ನು ಬರೆದಿಡುವ ಆಸೆ ನನ್ನದು.

ಮೊದಲು ಸ್ವಲ್ಪ ಹಿನ್ನೆಲೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಕಾರ್ಯಾಚರಣ ವ್ಯವಸ್ಥೆಯೊಂದರ ತಿರುಳನ್ನು, ಅಂದರೆ ಕರ್ನಲ್ ಅನ್ನು, ಬರೆದು ಪ್ರಕಟಿಸಿದರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ಸಲಕರಣೆಗಳು ಅದರೊಡನೆ ಸೇರಿ ಪೂರ್ಣ ವ್ಯವಸ್ಥೆಯಾಯಿತು. 1992ರಲ್ಲಿ ಕರ್ನಲ್ ಕೂಡ ಜಿಪಿಎಲ್ ಪರವಾನಗಿಗೆ ಒಳಪಟ್ಟಿತು. ಯಾರು ಬೇಕಾದರೂ ಬಳಸಬಹುದು, ಒಳಗೇನಿದೆಯೆಂದು ನೋಡಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು ಎಂಬುದು ಅದರ ಸಾರ.

ಈ ಕೊನೆಯ ಮಾತೇ ನನ್ನನ್ನು ಸೆಳೆಯಿತು. ಪರೀಕ್ಷೆಯಲ್ಲಿ ನಕಲು ಮಾಡಿದವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ನಿಮ್ಮ ಮೇಷ್ಟ್ರ ಮನೆಯ ಕಂಪ್ಯೂಟರಿನಲ್ಲಿದ್ದದ್ದು ಹಣ ಕೊಡದೆ ಹಾಕಿಸಿಕೊಂಡ ವಿಂಡೋಸ್. ಅಂಗಡಿಯವನು ಕೇಳದೆಯೇ ಹಾಕಿಕೊಟ್ಟಿದ್ದ, ನಾನೂ ಕೇಳದೆಯೇ ಸುಮ್ಮನಿದ್ದೆ. ಅಂದು ನಿಮ್ಮೆದುರು ಹೇಳಲಾಗಲಿಲ್ಲ, ಇಂದು ಹೇಳಿದ್ದೇನೆ.

ಲಿನಕ್ಸ್ ಇಳಿಸಿಕೊಳ್ಳೋಣವೆಂದರೆ ಲೆಕ್ಕವೇ ಹೆದರಿಸುತ್ತಿತ್ತು. 2003ರಲ್ಲಿ ಬಿಡುಗಡೆಯಾದ ರೆಡ್ ಹ್ಯಾಟ್ ಲಿನಕ್ಸ್ 9ರ ಅನುಸ್ಥಾಪನೆಗೆ ಮೂರು ಸಿಡಿಗಳು, ಒಟ್ಟು ಸುಮಾರು 1,800 ಮೆಗಾಬೈಟ್. ನನ್ನ ಮೋಡೆಮಿನ ಮೇಲೆ 56 ಕಿಲೋಬಿಟ್ ಎಂದು ಬರೆದಿದ್ದರೂ ಕೈಗೆ ದಕ್ಕುತ್ತಿದ್ದದ್ದು ಸೆಕೆಂಡಿಗೆ ನಾಲ್ಕು ಕಿಲೋಬೈಟ್. ಭಾಗಿಸಿ ನೋಡಿ: 128 ಗಂಟೆ, ಅಂದರೆ ಐದು ದಿನಕ್ಕೂ ಹೆಚ್ಚು. ಅಷ್ಟು ಹೊತ್ತು ಮನೆಯ ಫೋನು ಯಾರಿಗೂ ಸಿಗುವುದಿಲ್ಲ, ಕರೆಯ ಮೀಟರು ಓಡುತ್ತಲೇ ಇರುತ್ತದೆ, ನಡುವೆ ಕರೆಂಟು ಹೋಗುತ್ತದೆ. ಕೇವಲ 50 ಮೆಗಾಬೈಟಿನ ಡ್ಯಾಮ್ ಸ್ಮಾಲ್ ಲಿನಕ್ಸ್ ಎಂಬ ಪುಟ್ಟ ಆವೃತ್ತಿಯನ್ನು ಮೂರೂವರೆ ಗಂಟೆಯಲ್ಲಿ ಇಳಿಸಬಹುದಿತ್ತು. ಮೂರು ರಾತ್ರಿ ಯತ್ನಿಸಿದೆ. ಮೂರು ರಾತ್ರಿಯೂ ಸಂಪರ್ಕ ಕಡಿಯಿತು. ನಿಂತಲ್ಲಿಂದ ಮುಂದುವರಿಸುವ ಉಪಾಯವಿದೆಯೆಂಬುದು ಆಗ ನನಗೆ ತಿಳಿದಿರಲಿಲ್ಲ.

ಕೊನೆಗೆ ಲಿನಕ್ಸ್ ಬಂದದ್ದು ಬಸ್ಸಿನಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2004ರ ಸಂಕ್ರಾಂತಿಗೆ ಮುಳಬಾಗಿಲಿಗೆ ಬರುವಾಗ ಮೂರು ಸಿಡಿಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದ. "ಸಾರ್, ಇದು ಕದ್ದ ಮಾಲಲ್ಲ" ಎಂದು ನಗುತ್ತಾ ಕೈಗಿತ್ತ. ಬಸ್ಸಿಗೆ ಹಿಡಿದದ್ದು ಮೂರು ಗಂಟೆ. ಎಂದರೆ ನಮ್ಮ ಕೆಂಪು ಬಸ್ಸು ನನ್ನ ಮೋಡೆಮಿಗಿಂತ ನಲವತ್ತು ಪಟ್ಟಿಗೂ ಹೆಚ್ಚು ವೇಗವಾಗಿತ್ತು!

ಅನುಸ್ಥಾಪನೆಯ ರಾತ್ರಿ ಎರಡು ಪಾಠ ಕಲಿತೆ. ಹಾರ್ಡ್ ಡಿಸ್ಕಿನಲ್ಲಿ ಜಾಗ ವಿಂಗಡಿಸುವಾಗ ಅವಸರದಲ್ಲಿ ತಪ್ಪು ಉತ್ತರ ಒತ್ತಿದೆ. ಹತ್ತನೆಯ ತರಗತಿಯ ಅಂಕಪಟ್ಟಿಗಳೆಲ್ಲ ಅಳಿಸಿಹೋದವು. ಪುಸ್ತಕದಲ್ಲಿ ಶಾಯಿಯಿಂದ ಬರೆದಿಟ್ಟದ್ದರಿಂದ ಮಾನ ಉಳಿಯಿತು. ಎರಡನೆಯದು ಮೋಡೆಮಿನ ಸಂಕಟ. ಆ ಕಾಲದ ಅಗ್ಗದ ಒಳಮೋಡೆಮುಗಳು ಅರ್ಧ ಕೆಲಸವನ್ನು ವಿಂಡೋಸ್ ತಂತ್ರಾಂಶಕ್ಕೇ ಬಿಟ್ಟಿದ್ದವು. ಆದ್ದರಿಂದ ಲಿನಕ್ಸ್ ಅವುಗಳನ್ನು ಗುರುತಿಸುತ್ತಿರಲಿಲ್ಲ. ಅಂತರಜಾಲ ಬೇಕೆಂದರೆ ಚಾಲಕ ತಂತ್ರಾಂಶ ಬೇಕು, ಚಾಲಕ ತಂತ್ರಾಂಶ ಬೇಕೆಂದರೆ ಅಂತರಜಾಲ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನೆನಪಾಯಿತು. ಭಾನುವಾರ ಕೋಲಾರಕ್ಕೆ ಹೋಗಿ, ಸೈಬರ್ ಕೆಫೆಯಲ್ಲಿ ಅದನ್ನು ಫ್ಲಾಪಿಗೆ ಇಳಿಸಿಕೊಂಡು ಬಂದೆ.

ಅನಂತರ ಆ ಸಿಡಿಗಳು ಊರೂರು ಸುತ್ತಿದವು. ಪ್ರತಿ ಮಾಡಿಸಿ ಮಾಲೂರಿನ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಅವರು ಇನ್ನಿಬ್ಬರಿಗೆ ಕೊಟ್ಟರು. ಶ್ರೀನಿವಾಸಪುರದ ಮಿತ್ರರಿಗೆ ಮಾವಿನ ಕಾಲದಲ್ಲಿ ಒಯ್ದುಕೊಟ್ಟು, ಬರುವಾಗ ಒಂದು ಬುಟ್ಟಿ ಹಣ್ಣು ಹೊತ್ತು ತಂದೆ. ನಕಲು ಮಾಡಿ ಹಂಚಿದ್ದಕ್ಕೆ ನಾಚಿಕೆಪಡಬೇಕಾಗದ ಮೊದಲ ಅನುಭವವದು.

ದೇಶದ ಬೇರೆಡೆಯೂ ಹೀಗೆಯೇ ನಡೆದಿತ್ತು. ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿಡಿಗಳನ್ನು ಕೊಡುತ್ತಿತ್ತು. 2004ರಲ್ಲಿ ಆರಂಭವಾದ ಉಬುಂಟು, ಕೇಳಿದವರಿಗೆಲ್ಲ ಅಂಚೆವೆಚ್ಚವನ್ನೂ ಪಡೆಯದೆ ಸಿಡಿ ಕಳುಹಿಸುತ್ತಿತ್ತು. 2011ರಲ್ಲಿ ಆ ಸೇವೆ ನಿಂತಿತು. ಆ ವೇಳೆಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಬಿಎಸ್ಸೆನ್ನೆಲ್ 2005ರಲ್ಲಿ ಆರಂಭಿಸಿದ 256 ಕಿಲೋಬಿಟ್ ಸಂಪರ್ಕದಲ್ಲಿಯೇ ಒಂದು ಸಿಡಿ ಆರು ಗಂಟೆಗಳಲ್ಲಿ ಇಳಿಯಬಹುದಿತ್ತು. ಮುಂದೆ ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿಯೂ ಉಬುಂಟು ಬಳಕೆಗೆ ಬಂದಿತು.

ಈಗ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಇಳಿದುಬಿಡುತ್ತದೆ. ಒಳ್ಳೆಯದೇ, ಆ 128 ಗಂಟೆಗಳ ಲೆಕ್ಕ ಮತ್ತೆ ಯಾರಿಗೂ ಬೇಡ. ಆದರೆ 1902ರ ತಂತಿ ನಮ್ಮ ಹಳ್ಳಿಗಳಿಗೆ ಬೆಳಕು ಕೊಡಲಿಲ್ಲ. ಆ ತಂತಿಯಿಂದ ದೀಪ ಹಚ್ಚಿಕೊಳ್ಳುವ ಹಕ್ಕು ಹಳ್ಳಿಯವರಿಗಿರಲಿಲ್ಲ. ಲಿನಕ್ಸಿನ ವಿಷಯದಲ್ಲಿ ನಮ್ಮ ತಂತಿ ಸೋತಿತು, ಹಕ್ಕು ಮಾತ್ರ ನಮ್ಮ ಕೈಯಲ್ಲಿತ್ತು. ಆದ್ದರಿಂದಲೇ ಅದು ಬಸ್ಸು ಹತ್ತಿಯಾದರೂ ಬಂದಿತು.

ಆ ಸಿಡಿಗಳ ಪ್ರತಿ ನಿಮ್ಮಲ್ಲಿ ಯಾರ ಬಳಿಯಾದರೂ ಉಳಿದಿದ್ದರೆ ದಯವಿಟ್ಟು ತಿಳಿಸಿ. ನನ್ನ ಬಳಿ ಇರುವುದು ಎರಡನೆಯದು ಮಾತ್ರ.