ಮಲ್ಲವಿದ್ಯೆ: ಆಶ್ರಯವೂ ನಿಯಮವೂ

ಮಲ್ಲವಿದ್ಯೆಯು ಉಳಿದು ಬೆಳೆಯಬೇಕಾದರೆ ಎರಡು ಆಧಾರಗಳು ಅವಶ್ಯವಾದುವು. ಮೊದಲನೆಯದು ಅನ್ನ, ಎರಡನೆಯದು ನಿಯಮ. ಪೈಲ್ವಾನನ ದೇಹವು ಹಾಲು, ತುಪ್ಪ, ಬಾದಾಮಿಗಳಿಂದ ಬೆಳೆಯತಕ್ಕದ್ದು. ಬೆಳಗೂ ಬೈಗೂ ಗರಡಿಯಲ್ಲಿ ಸಾಮು ಮಾಡುವವನಿಗೆ ಬೇರೆ ದುಡಿಮೆಗೆ ಬಿಡುವು ಸಾಲದು. ಆದುದರಿಂದ ಅವನ ಅನ್ನವನ್ನು ಮತ್ತೊಬ್ಬರು ಕೊಡಬೇಕಾಗುತ್ತದೆ. ಅರಸನೋ, ಸಾಹುಕಾರನೋ, ಸರ್ಕಾರವೋ, ಕಂಪೆನಿಯೋ, ಯಾರಾದರೊಬ್ಬರು ಆಶ್ರಯದಾತರು ಇರಲೇಬೇಕು. ಆದರೆ ಅನ್ನ ಕೊಟ್ಟವರೇ ನಿಯಮವನ್ನೂ ತಮ್ಮ ಇಷ್ಟದಂತೆ ತಿರುಗಿಸಹೊರಟರೆ ಆ ವಿದ್ಯೆಯ ಗತಿಯೇನು? ಈ ಪ್ರಶ್ನೆಯು ನಮ್ಮ ನಾಡಿನಲ್ಲಿ ಶತಮಾನಗಳಿಂದ ಹೇಗೆ ನಡೆದುಬಂದಿದೆಯೆಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ಪ್ರಶ್ನೆ ಹೊಸದಲ್ಲ. ಭಾಗವತದಲ್ಲಿ ಬರುವ ಮಥುರೆಯ ಕಥೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕಂಸನು ಮಲ್ಲರಂಗವನ್ನು ಏರ್ಪಡಿಸಿ, ಬೆಟ್ಟದಂತಿದ್ದ ಚಾಣೂರ ಮುಷ್ಟಿಕರ ಎದುರಿಗೆ ಇಬ್ಬರು ಹುಡುಗರನ್ನು ನಿಲ್ಲಿಸಿದನು. ರಂಗವೂ ಅವನದೇ, ಮಲ್ಲರೂ ಅವನವರೇ, ಉದ್ದೇಶವೂ ಅವನದೇ. ಆಗ ಕೃಷ್ಣನು, ನಾವು ಹುಡುಗರು, ನಮಗೆ ಸಮಬಲರಾದವರೊಡನೆ ಆಡುತ್ತೇವೆ, ಇಲ್ಲವಾದರೆ ಸಭೆಯವರಿಗೆ ಅಧರ್ಮವು ತಟ್ಟೀತು, ಎಂಬರ್ಥದ ಮಾತನ್ನು ಆಡುತ್ತಾನೆ. ನೋಡಲು ನೆರೆದಿದ್ದ ಹೆಂಗಸರೂ ಇದು ಅನ್ಯಾಯದ ಹೋರಾಟವೆಂದು ಮರುಗುತ್ತಾರೆ. ಜೋಡಿ ಸಮವಾಗಿರಬೇಕು, ಸಮವಿಲ್ಲದ ಜೋಡಿಯನ್ನು ಬಿಟ್ಟು ನೋಡುವುದು ಸಭೆಗೆಲ್ಲ ಪಾಪ, ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ.

ಇನ್ನು ಇತಿಹಾಸಕ್ಕೆ ಬರೋಣ. ಕಲ್ಯಾಣದ ಚಾಲುಕ್ಯ ಅರಸರಿಗೆ ‘ಮಲ್ಲ’ ಎಂಬ ಶಬ್ದವೇ ಬಿರುದಾಗಿತ್ತು. ಜಗದೇಕಮಲ್ಲ, ಆಹವಮಲ್ಲ, ತ್ರಿಭುವನಮಲ್ಲ ಎಂದು ಅವರು ಕರೆಸಿಕೊಂಡರು. 1126ರ ಸುಮಾರಿಗೆ ಪಟ್ಟಕ್ಕೆ ಬಂದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಅರಸನು ಮಲ್ಲರನ್ನು ಹೇಗೆ ಪೋಷಿಸಬೇಕು, ಅವರ ಆಹಾರವೇನು, ಅಭ್ಯಾಸವೇನು ಎಂಬುದನ್ನೆಲ್ಲ ಅದು ತಿಳಿಸುತ್ತದೆ. ವಯಸ್ಸು, ದೇಹ, ಶಕ್ತಿಗಳನ್ನು ನೋಡಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸುತ್ತದೆ. ಆಶ್ರಯವೂ ನಿಯಮವೂ ಒಂದೇ ಪುಸ್ತಕದಲ್ಲಿ ಜೊತೆಜೊತೆಯಾಗಿ ನಿಂತಿರುವುದನ್ನು ಇಲ್ಲಿ ಕಾಣಬಹುದು.

ನಾಲ್ಕು ಶತಮಾನಗಳ ತರುವಾಯ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಬರಹಗಳು ಮತ್ತೊಂದು ಚಿತ್ರವನ್ನು ಕೊಡುತ್ತವೆ. 1520ರ ಸುಮಾರಿನಲ್ಲಿ ಮಹಾನವಮಿಯನ್ನು ಕಂಡ ಡೊಮಿಂಗೊ ಪಾಯಸನು ಅಲ್ಲಿಯ ಮಲ್ಲಯುದ್ಧದ ಕ್ರೌರ್ಯಕ್ಕೆ ಬೆರಗಾದನು. ಹಲ್ಲು ಮುರಿಯುವಂತೆ, ಮುಖ ವಿಕಾರವಾಗುವಂತೆ ಹೊಡೆತಗಳು ಬೀಳುತ್ತಿದ್ದುವಂತೆ. ಆದರೆ ಅವನೇ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಕಣದಲ್ಲಿ ಇಬ್ಬರನ್ನೂ ಸಮಸ್ಥಿತಿಯಲ್ಲಿ ನಿಲ್ಲಿಸುವುದೂ ಗೆದ್ದವನಿಗೆ ಸಲ್ಲುವ ಮರ್ಯಾದೆಯನ್ನು ನಿಶ್ಚಯಿಸುವುದೂ ಅವರ ಕೆಲಸವಾಗಿತ್ತು. ಕೆಲವು ವರ್ಷಗಳ ಬಳಿಕ ಬರೆದ ನೂನಿಜನು ಅರಸನ ಬಳಿ ಸಾವಿರ ಮಲ್ಲರಿದ್ದರೆಂದೂ, ಅವರು ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೋರಾಡುತ್ತಿದ್ದರೆಂದೂ, ರಾಜ್ಯದಲ್ಲಿ ಅವರಿಗೆ ಬೇರಾವ ಸೇವೆಯೂ ಇರಲಿಲ್ಲವೆಂದೂ ಹೇಳುತ್ತಾನೆ. ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ಬಟ್ಟೆಯ ಉಡುಗೊರೆ ಸಲ್ಲುತ್ತಿತ್ತಂತೆ. ಅರಸನು ಅನ್ನವಿಟ್ಟನು, ಆದರೆ ಸಮತೆಯನ್ನು ಕಾಯುವುದಕ್ಕೆ ಬೇರೆ ಜನರನ್ನು ನೇಮಿಸಿದನು. ಈ ವಿಂಗಡಣೆಯನ್ನು ವಾಚಕರು ಗಮನದಲ್ಲಿಡಬೇಕು.

ವಿಜಯನಗರದ ಈ ಸಂಪ್ರದಾಯವನ್ನು ಮೈಸೂರಿನ ಒಡೆಯರು ಮುಂದುವರಿಸಿದರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಾವೇ ಮಲ್ಲರು; ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದರೆಂಬ ಪ್ರತೀತಿಯಿದೆ. ಅರಮನೆಯ ಆಶ್ರಯದಲ್ಲಿ ಜಟ್ಟಿ ಮನೆತನಗಳು ವಜ್ರಮುಷ್ಟಿ ಕಾಳಗವನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿವೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಇಂದಿಗೂ ನಡೆಯುವ ಈ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣಗಳಿಂದಲೂ ನಮ್ಮ ತಾಳವಾಡಿಗೆ ನೆರೆಯ ಪಟ್ಟಣವಾದ ಚಾಮರಾಜನಗರದಿಂದಲೂ ಜಟ್ಟಿಗಳು ಬರುತ್ತಾರೆ. ತಲೆ ಬೋಳಿಸಿಕೊಂಡು, ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧವನ್ನು ಹಿಡಿದು ಎದುರಾಗುವ ಇವರ ಕಾಳಗಕ್ಕೆ ಒಂದು ಮಿತಿಯುಂಟು. ತಲೆಯಿಂದ ರಕ್ತವು ಚಿಮ್ಮಿದ ಕೂಡಲೇ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ನೋಡುವವರಿಗೆ ಘೋರವಾಗಿ ಕಂಡರೂ ಕಾಳಗವು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ನಿಶ್ಚಿತವಾಗಿರುತ್ತದೆ.

ಅರಸರ ಕಾಲವು ಮುಗಿಯುತ್ತ ಬಂದಾಗ ಮಲ್ಲರ ಅನ್ನಕ್ಕೆ ಕಷ್ಟವೊದಗಿತು. ಕೊಲ್ಹಾಪುರದ ಉದಾಹರಣೆಯು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನವು 1912ರಲ್ಲಿ ಪೂರ್ಣವಾಯಿತು. ಆ ಸೀಮೆಯ ಮಲ್ಲರಾದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಿಗೆ ಹೋದುದು ಕೊಲ್ಹಾಪುರದ ಮಹಾರಾಜರ ನೆರವಿನಿಂದ. 1952ರಲ್ಲಿ ಹೆಲ್ಸಿಂಕಿಗೆ ಹೋಗುವ ಹೊತ್ತಿಗೆ ಸಂಸ್ಥಾನವಿರಲಿಲ್ಲ. ಊರಿನ ಜನರು ಚಂದಾ ಎತ್ತಿದರು. ಅವರು ಓದಿದ್ದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರಾದ ಖರ್ಡೇಕರರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿಗಳನ್ನು ಒದಗಿಸಿದರು. ಜಾಧವರು ಕಂಚಿನ ಪದಕವನ್ನು ಗೆದ್ದು ತಂದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಯೊಬ್ಬರು ತಂದ ಮೊದಲನೆಯ ಒಲಿಂಪಿಕ್ ಪದಕವದು. ಅದರ ಹಿಂದೆ ಇದ್ದುದು ಒಬ್ಬ ಅಧ್ಯಾಪಕರ ಮನೆಯ ಪತ್ರವೆಂಬುದನ್ನು ಅಧ್ಯಾಪಕ ಬಂಧುಗಳು ಮರೆಯಲಾರರು.

1971ರಲ್ಲಿ ರಾಜಧನವು ರದ್ದಾಯಿತು. ಮೈಸೂರಿನಲ್ಲಿ ದಸರೆಯು ಸರ್ಕಾರದ ನಾಡಹಬ್ಬವಾಯಿತು. ಕುಸ್ತಿಯ ಹೊಣೆಯೂ ಸರ್ಕಾರಕ್ಕೆ ಬಂದಿತು. ದೊಡ್ಡಕೆರೆ ಮೈದಾನದ ಅಖಾಡವು ಸಾಹುಕಾರ್ ಚೆನ್ನಯ್ಯನವರ ಹೆಸರನ್ನು ಹೊತ್ತುದೂ, ಅನಂತರ ಅಲ್ಲಿ ದೇವರಾಜ ಅರಸರ ಹೆಸರಿನ ಕ್ರೀಡಾಂಗಣವು ಎದ್ದುದೂ ಆಶ್ರಯವು ಅರಮನೆಯಿಂದ ಹೊರಬಂದುದರ ಗುರುತುಗಳೇ ಆಗಿವೆ. ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ ಎಂಬ ಬಿರುದುಗಳಿಗಾಗಿ ಮಲ್ಲರು ಅಲ್ಲಿ ಸೆಣಸುತ್ತಾರೆ; ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬ ಬಿರುದುಂಟು. ಆದರೆ ಬಿರುದಿಗಿಂತ ದೊಡ್ಡದೆಂದು ನಮಗೆ ತೋರುವುದು ‘ಜೋಡಿ ಕಟ್ಟುವ’ ಕಾರ್ಯವು. ನಾಡಕುಸ್ತಿಗೆ ಮುಂಚಿತವಾಗಿ ಉಸ್ತಾದರು ಕುಳಿತು, ಬಂದ ಪೈಲ್ವಾನರ ಮೈಕಟ್ಟನ್ನೂ ವಯಸ್ಸನ್ನೂ ಅನುಭವವನ್ನೂ ನೋಡಿ, ಇವನಿಗೆ ಇವನು ಸರಿ ಎಂದು ಗೊತ್ತುಮಾಡುತ್ತಾರೆ. ಪಾಯಸನು ಕಂಡ ತೀರ್ಪುಗಾರರ ಕೆಲಸವೇ ಇದು. ಮ್ಯಾಟಿನ ಮೇಲೆ ನಡೆಯುವ ಪಾಯಿಂಟ್ ಕುಸ್ತಿಯಲ್ಲಿ ಉಸ್ತಾದನ ಕಣ್ಣಿನ ಬದಲು ತಕ್ಕಡಿಯಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಕಿಲೋ ವರ್ಗದ ಅಂತಿಮ ಸ್ಪರ್ಧೆಗೆ ಏರಿದ್ದ ವಿನೇಶ್ ಫೋಗಟ್ಟರು 100 ಗ್ರಾಂ ಹೆಚ್ಚು ತೂಗಿದುದರಿಂದ ಅನರ್ಹರಾದರು. ಕೋಟಿ ಜನರ ಕಣ್ಣೀರಿಗೂ ತಕ್ಕಡಿಯು ಬಾಗಲಿಲ್ಲ. ಕಠಿಣವೆನಿಸಿದರೂ, ಎಲ್ಲರಿಗೂ ಒಂದೇ ಆದ ನಿಯಮದ ಸ್ವಭಾವವು ಅದು.

ನಿಯಮವು ಆಟಗಾರರಿಗೆ ಮಾತ್ರ ಇದ್ದು ಆಡಳಿತದವರಿಗೆ ಇಲ್ಲದೆ ಹೋದರೆ ಏನಾಗುವುದೆಂಬುದನ್ನೂ ನಮ್ಮ ಕಾಲವು ಕಂಡಿದೆ. ಭಾರತೀಯ ಕುಸ್ತಿ ಒಕ್ಕೂಟಕ್ಕೆ 2018ರಲ್ಲಿ ಟಾಟಾ ಮೋಟರ್ಸ್ ಕಂಪೆನಿಯು ಮುಖ್ಯ ಪ್ರಾಯೋಜಕವಾಯಿತು. ಹಣಕ್ಕೆ ದಾರಿಯಾಯಿತು. ಆದರೆ 2023ರ ಜನವರಿಯಲ್ಲಿ ದೇಶದ ಹೆಸರಾಂತ ಮಲ್ಲರೇ ಒಕ್ಕೂಟದ ಅಧ್ಯಕ್ಷರ ಮೇಲೆ ಗುರುತರವಾದ ಆರೋಪಗಳನ್ನು ಹೊರಿಸಿ ದಿಲ್ಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಚುನಾವಣೆಯು ಸಕಾಲದಲ್ಲಿ ನಡೆಯದ ಕಾರಣ ಅದೇ ಆಗಸ್ಟಿನಲ್ಲಿ ವಿಶ್ವ ಸಂಸ್ಥೆಯು ಒಕ್ಕೂಟವನ್ನು ಅಮಾನತಿನಲ್ಲಿಟ್ಟಿತು. ಸೆಪ್ಟೆಂಬರಿನ ಬೆಲ್‌ಗ್ರೇಡ್ ವಿಶ್ವ ಸ್ಪರ್ಧೆಯಲ್ಲಿ ನಮ್ಮ ಮಲ್ಲರು ತಮ್ಮ ದೇಶದ ಧ್ವಜವಿಲ್ಲದೆ ಆಡಬೇಕಾಯಿತು. ಹಾಲು ತುಪ್ಪಕ್ಕೆ ಕೊರತೆಯಿಲ್ಲದಿದ್ದರೂ ನಿಯಮಕ್ಕೆ ಕೊರತೆಯಾದರೆ ತಪ್ಪಿಲ್ಲದವರೂ ದಂಡ ತೆರುತ್ತಾರೆ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಒಕ್ಕೂಟಗಳ ಮೇಲ್ವಿಚಾರಣೆಗೆ ಒಂದು ಮಂಡಲಿಯನ್ನೂ ವ್ಯಾಜ್ಯಗಳಿಗೆ ಒಂದು ನ್ಯಾಯಾಧಿಕರಣವನ್ನೂ ಗೊತ್ತುಮಾಡಿದೆ. ಅನ್ನದ ಕೈಯನ್ನೂ ತೀರ್ಪಿನ ಕೈಯನ್ನೂ ಬೇರೆಬೇರೆಯಾಗಿಡುವ ಹಳೆಯ ಪ್ರಯತ್ನಕ್ಕೆ ಇದೂ ಸೇರತಕ್ಕದ್ದೆಂದು ನಾವು ಭಾವಿಸುತ್ತೇವೆ. ಆದರೆ ಮೇಲ್ವಿಚಾರಣೆಗೆ ಬಂದ ಸರ್ಕಾರವೇ ಇನ್ನೊಬ್ಬ ಒಡೆಯನಾಗದಂತೆಯೂ ಎಚ್ಚರ ಬೇಕು.

ಈ ವಿಚಾರವು ನಮ್ಮ ಬೆಟ್ಟದ ಸೀಮೆಗೆ ಏಕೆ ಬೇಕು? 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸಂವಿಧಾನದ ಏಳನೆಯ ಅನುಸೂಚಿಯಂತೆ ಕ್ರೀಡೆಯು ರಾಜ್ಯಗಳಿಗೆ ಸೇರಿದ ವಿಷಯ. ಮೈಸೂರಿನ ಕಥೆಗಳನ್ನು ಕೇಳುತ್ತ ಬೆಳೆಯುವ ನಮ್ಮ ಹುಡುಗ ಹುಡುಗಿಯರು ನೆರವಿಗೆ ದಿಂಬಂ ಘಟ್ಟವನ್ನಿಳಿದು, 1992ರಲ್ಲಿ ಸ್ಥಾಪಿತವಾದ ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರದತ್ತ ನೋಡಬೇಕು. ಅರಮನೆಯೂ ದೂರ, ರಾಜಧಾನಿಯೂ ದೂರವಾದವರಿಗೆ ಊರೇ ಮೊದಲನೆಯ ಆಶ್ರಯವು. ಊರು ನಿಯಮವನ್ನು ಕಾಯಬಲ್ಲುದೆಂಬುದಕ್ಕೆ ನಮ್ಮಲ್ಲಿಯೇ ಸಾಕ್ಷಿಯಿದೆ. ದೀಪಾವಳಿಯ ಬೆನ್ನಿಗೇ ಗುಮಟಾಪುರದಲ್ಲಿ ನಡೆಯುವ ಗೋರೆ ಹಬ್ಬದಲ್ಲಿ ಗಂಡಸರು ಸಗಣಿಯ ಉಂಡೆಗಳಿಂದ ಯುದ್ಧವನ್ನೇ ಮಾಡುತ್ತಾರೆ. ಅದನ್ನು ಆಳುವುದು ಯಾವ ಕಾಯಿದೆಯೂ ಅಲ್ಲ, ಯಾವ ಕಂಪೆನಿಯ ಹಣವೂ ಅಲ್ಲ. ಬೀರೇಶ್ವರನ ಸನ್ನಿಧಿಯ ಕಟ್ಟುಪಾಡು.

ಆದುದರಿಂದ ಶಾಲೆಯಲ್ಲಿ ಒಂದು ಚಿಕ್ಕ ಪಂದ್ಯವನ್ನು ಏರ್ಪಡಿಸುವಾಗಲೂ ಈ ಇತಿಹಾಸವು ನಮಗೆ ದಾರಿ ತೋರಬೇಕು. ಬಹುಮಾನ ಕೊಟ್ಟ ದಾನಿಗೆ ವೇದಿಕೆಯಲ್ಲಿ ಕುರ್ಚಿಯನ್ನೂ ಕೊರಳಿಗೆ ಹಾರವನ್ನೂ ಅಗತ್ಯವಾಗಿ ಕೊಡೋಣ. ಜೋಡಿ ಕಟ್ಟುವ ಅಧಿಕಾರವನ್ನು ಮಾತ್ರ ಕೊಡುವುದು ಬೇಡ. ದಾನಿಯ ಮಗನೇ ಕಣಕ್ಕಿಳಿದರೂ ಅವನಿಗೆ ಸಮಬಲನನ್ನೇ ಎದುರು ನಿಲ್ಲಿಸಬೇಕು. ಸೀಟಿಯು ಅಧ್ಯಾಪಕರ ಕೈಯಲ್ಲಿದ್ದರೂ ನ್ಯಾಯದ ಭಾರವು ಸುತ್ತಲೂ ಕುಳಿತು ಚಪ್ಪಾಳೆ ತಟ್ಟುವವರ ಮೇಲೂ ಇರುವುದು. ಅಧರ್ಮವು ಸಭೆಯವರಿಗೆ ತಟ್ಟುವುದೆಂದು ಮಥುರೆಯಲ್ಲಿ ಹೇಳಿದ ಮಾತು ಅರಸನೊಬ್ಬನಿಗಾಗಿ ಹೇಳಿದುದಲ್ಲ.