ಒಬ್ಬ ಪೇದೆಗಾಗಿ ಒಂದು ಕಾಯಿದೆ

ನೌಕರಿಯನ್ನು ಅರಸಿ ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ 'ವಯೋಮಿತಿ' ಎಂಬ ಮಾತಿಗಿರುವ ಭಯ ಇನ್ನಾವ ಮಾತಿಗೂ ಇಲ್ಲವೆಂದರೆ ಅತಿಶಯವಾಗಲಾರದು. ಬ್ಯಾಂಕಿನ ಗುಮಾಸ್ತೆಯ ಪರೀಕ್ಷೆಗೆ ನಾನು ಕೊನೆಯ ಸಲ ಕುಳಿತಾಗ ಇಪ್ಪತ್ತೆಂಟು ತುಂಬಲು ಮೂರೇ ತಿಂಗಳು ಉಳಿದಿದ್ದುವು. ಅದು ತಪ್ಪಿದ್ದರೆ ಬಾಗಿಲು ಮುಚ್ಚಿದಂತೆಯೇ. ಆ ಬಾಗಿಲನ್ನು ತೆರೆಸಲು ಶಾಸನಸಭೆಗೆ ಹೋಗಬಹುದೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಅಮೇರಿಕಾದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಪೋಲೀಸು ನೌಕರಿ ಬಯಸಿದ ಎಷ್ಟೋ ಜನರು ಹಾಗೆ ಹೋಗಿದ್ದಾರೆ, ತಮ್ಮ ಹೆಸರಿನಲ್ಲಿಯೇ ಒಂದು ಕಾಯಿದೆಯನ್ನು ಪಡೆದು ಬಂದಿದ್ದಾರೆ!

ಈ ವಿಚಿತ್ರದ ಬೇರು ಅಲ್ಲಿಯ ಕೇಂದ್ರ ಕಾಯಿದೆಯಲ್ಲಿದೆ. ವಯಸ್ಸಿನ ಕಾರಣ ಹೇಳಿ ನೌಕರಿಯನ್ನು ನಿರಾಕರಿಸಬಾರದೆಂದು ಅಮೇರಿಕಾದ ಕಾಂಗ್ರೆಸ್ಸು 1967ರಲ್ಲಿ ಕಾಯಿದೆ ಮಾಡಿತು. ಆದರೆ ಅದರ ಆಸರೆ ನಲವತ್ತು ದಾಟಿದವರಿಗೆ ಮಾತ್ರ. ಸಂಸ್ಥಾನ ಸರಕಾರಗಳೂ ಊರಿನ ಆಡಳಿತಗಳೂ ಅದರ ವ್ಯಾಪ್ತಿಗೆ ಬಂದುದು 1974ರಲ್ಲಿ. ಪೋಲೀಸರ ಪ್ರಶ್ನೆ ತೊಡಕಾದುದು ಅಲ್ಲಿಂದಲೇ.

ಮ್ಯಾಸಚೂಸೆಟ್ಸಿನ ಸಂಸ್ಥಾನ ಪೋಲೀಸು ದಳದಲ್ಲಿ ಐವತ್ತಕ್ಕೆ ನಿವೃತ್ತಿ ಕಡ್ಡಾಯವಾಗಿತ್ತು. ರಾಬರ್ಟ್ ಮರ್ಜಿಯಾ ಎಂಬ ಲೆಫ್ಟಿನೆಂಟ್ ಕರ್ನಲ್ ಕೇವಲ ನಾಲ್ಕು ತಿಂಗಳ ಹಿಂದೆ ದೇಹಪರೀಕ್ಷೆಯಲ್ಲಿ ಸಮರ್ಥನೆನಿಸಿಕೊಂಡಿದ್ದರೂ, ಐವತ್ತನೆಯ ಹುಟ್ಟುಹಬ್ಬದಂದು ಮನೆಗೆ ಹೋಗಬೇಕಾಯಿತು. ಸಂವಿಧಾನದ ಸಮಾನತೆಯ ವಿಧಿಗೆ ಇದು ವಿರೋಧವಲ್ಲವೆಂದು 1976ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಭಿನ್ನಮತ ಬರೆದವರು ಥರ್ಗುಡ್ ಮಾರ್ಷಲ್ ಒಬ್ಬರೇ. ಆದರೆ ಅದೇ ಕೋರ್ಟು 1983ರ ಮಾರ್ಚ್ 2ರಂದು, ವಯೋಮಿಂಗ್ ಸಂಸ್ಥಾನದ ವನ್ಯಪ್ರಾಣಿ ಇಲಾಖೆಯ ಮೇಲ್ವಿಚಾರಕನೊಬ್ಬನನ್ನು ಐವತ್ತೈದಕ್ಕೆ ನಿವೃತ್ತಿಗೊಳಿಸಿದ ಮೊಕದ್ದಮೆಯಲ್ಲಿ, 1967ರ ಕಾಯಿದೆ ಸಂಸ್ಥಾನಗಳನ್ನೂ ಕಟ್ಟುತ್ತದೆಂದಿತು. ಐವರು ನ್ಯಾಯಾಧೀಶರು ಆ ಕಡೆ, ನಾಲ್ವರು ಈ ಕಡೆ.

ಇದರಿಂದ ಪೋಲೀಸು ಮತ್ತು ಅಗ್ನಿಶಾಮಕ ದಳಗಳ ಪುರಾತನ ವಯೋಮಿತಿಗಳೆಲ್ಲ ಅಲುಗಾಡಿದುವು. ಆದಕಾರಣ ಕಾಂಗ್ರೆಸ್ಸು 1986ರಲ್ಲಿ ಈ ಎರಡು ದಳಗಳಿಗೆ 1993ರ ಕೊನೆಯವರೆಗೆ ವಿನಾಯಿತಿ ಕೊಟ್ಟು, ವಯಸ್ಸಿಗೆ ಬದಲಾಗಿ ದೇಹ ಮತ್ತು ಬುದ್ಧಿಯ ಪರೀಕ್ಷೆಗಳು ಸಾಕಾಗುವುವೋ ಎಂಬುದನ್ನು ಅಭ್ಯಾಸ ಮಾಡಿಸಬೇಕೆಂದು ವಿಧಿಸಿತು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ವಾಂಸರು 1992ರಲ್ಲಿ ವರದಿ ಒಪ್ಪಿಸಿದರು. ಒಬ್ಬನ ಸಾಮರ್ಥ್ಯವನ್ನು ಅಳೆಯಲು ಅವನ ವಯಸ್ಸು ಒಳ್ಳೆಯ ಮಾಪಕವಲ್ಲ, ಪರೀಕ್ಷೆಗಳೇ ಲೇಸು ಎಂಬುದು ಅದರ ಸಾರ. ವಿನಾಯಿತಿಯ ಅವಧಿಯೂ ಮುಗಿಯಿತು. ಆದರೂ 1996ರಲ್ಲಿ ಕಾಂಗ್ರೆಸ್ಸು ಅದೇ ವಿನಾಯಿತಿಯನ್ನು, ಈ ಸಲ ಕಾಲದ ಕಟ್ಟಿಲ್ಲದೆ, ಹಿಂದಕ್ಕೆ ತಂದಿತು. ಲೆಕ್ಕತಪಾಸಣೆಯ ವರದಿಯನ್ನು ತಾನೇ ಕೇಳಿ ಪಡೆದು ಕಪಾಟಿನಲ್ಲಿಡುವ ಅಭ್ಯಾಸ ನಮ್ಮ ಕಚೇರಿಗಳಿಗೆ ಮಾತ್ರ ಸೇರಿದ್ದೆಂದು ನಾನು ತಿಳಿದಿದ್ದೆ.

ಇನ್ನು ಮೂವತ್ತಮೂರರ ಯುವಕನ ಗತಿಯನ್ನು ನೋಡಿ. ಮ್ಯಾಸಚೂಸೆಟ್ಸಿನ ಸಾಮಾನ್ಯ ಕಾಯಿದೆಗಳ 31ನೆಯ ಅಧ್ಯಾಯದ 58ಎ ಕಲಮಿನ ಪ್ರಕಾರ, ಆ ಕಲಮನ್ನು ಒಪ್ಪಿಕೊಂಡ ಊರುಗಳಲ್ಲಿ, ಪ್ರವೇಶ ಪರೀಕ್ಷೆಯ ದಿನಕ್ಕೆ ಮೂವತ್ತೆರಡು ತುಂಬಿದವನು ಪೇದೆಯಾಗುವಂತಿರಲಿಲ್ಲ. ನಲವತ್ತಾಗದೆ ಇದ್ದುದರಿಂದ ಕೇಂದ್ರದ ಕಾಯಿದೆ ಅವನನ್ನು ಕೇಳುವುದಿಲ್ಲ. ನಲವತ್ತಾದ ಮೇಲೆ ಹೋದರೆ, ಪೋಲೀಸರಿಗೆ ವಿನಾಯಿತಿ ಇದೆಯಲ್ಲ, ಎಂದು ಹೇಳಿ ಕಳಿಸುತ್ತದೆ. ಕೋರ್ಟಿನ ದಾರಿ ಎರಡೂ ಕಡೆ ಮುಚ್ಚಿದಂತಾಯಿತು.

ಉಳಿದುದು ಶಾಸನಸಭೆ. 1966ರಲ್ಲಿ ಆ ಸಂಸ್ಥಾನದ ಸಂವಿಧಾನಕ್ಕೆ ಆದ ತಿದ್ದುಪಡಿಯಂತೆ, ಒಂದು ಊರು ತಾನಾಗಿ ಬೇಡಿದರೆ ಅದಕ್ಕೆ ಮಾತ್ರ ಅನ್ವಯಿಸುವ ವಿಶೇಷ ಕಾಯಿದೆಯನ್ನು ಮಾಡಬಹುದು. ಚಿಕ್ಕ ಊರಾದರೆ ಊರಸಭೆ, ನಮ್ಮ ಗ್ರಾಮಸಭೆಯಂಥದು, ಕೂಡಿ ಮತ ಹಾಕಬೇಕು. ನಗರವಾದರೆ ಪರಿಷತ್ತೂ ಮೇಯರರೂ ಒಪ್ಪಬೇಕು. ಆಮೇಲೆ ಅರ್ಜಿ ರಾಜಧಾನಿ ಬಾಸ್ಟನ್ನಿಗೆ ಹೋಗಿ, ಸಮಿತಿಯ ಮುಂದೆ ವಿಚಾರಣೆಯಾಗಿ, ಎರಡು ಸದನಗಳನ್ನೂ ದಾಟಿ, ಗವರ್ನರರ ರುಜುವಿಗೆ ಬರುತ್ತದೆ. ಈ ಶತಮಾನದ ಮೊದಲೆರಡು ದಶಕಗಳ ಕಾಯಿದೆ ಸಂಪುಟಗಳನ್ನು ತಿರುವಿದರೆ ಇಂಥವು ಮೇಲಿಂದ ಮೇಲೆ ಸಿಕ್ಕುತ್ತವೆ. ಎಲ್ಲವೂ ಒಂದೇ ಅಚ್ಚಿನವು: ಬೇರೆ ಕಾಯಿದೆ ಏನೇ ಹೇಳಲಿ, ಇಂಥ ಊರಿನಲ್ಲಿ ಇಂಥವನು ವಯಸ್ಸಿನ ಕಾರಣದಿಂದ ಅನರ್ಹನಾಗತಕ್ಕದ್ದಲ್ಲ. ಊರು ಬೇರೆ, ಹೆಸರು ಬೇರೆ, ಅಷ್ಟೇ. ಬಜೆಟ್ಟಿನ ಕಾಯಿದೆಗೂ ಒಬ್ಬ ಪೇದೆಯ ವಯಸ್ಸಿನ ಕಾಯಿದೆಗೂ ಅದೇ ಸಂಪುಟದಲ್ಲಿ ಅಧ್ಯಾಯದ ಸಂಖ್ಯೆ!

ಇದನ್ನು ಓದಿದಾಗ ಮೊದಲು ನನಗೆ ಸಂತೋಷವೇ ಆಯಿತು. ಒಬ್ಬ ಸಾಮಾನ್ಯನಿಗಾಗಿ ಇಡೀ ಶಾಸನಸಭೆ ಒಂದು ಗಳಿಗೆ ನಿಂತು ಕೇಳಿತಲ್ಲ! ಆಮೇಲೆ ಸಂಶಯ ಬಂದಿತು. ಅದೇ ಬೀದಿಯಲ್ಲಿ ಅದೇ ವಯಸ್ಸಿನ ಇನ್ನೊಬ್ಬನಿದ್ದು, ಹೀಗೆ ಬೇಡಬಹುದೆಂಬುದೇ ಅವನಿಗೆ ತಿಳಿಯದಿದ್ದರೆ? ಊರಸಭೆಯಲ್ಲಿ ಅವನ ಪರವಾಗಿ ಏಳುವ ಬಂಧುಬಳಗವಿಲ್ಲದಿದ್ದರೆ? ಪರವೂರಿನಲ್ಲಿ ಮನೆ ಹೂಡಿದ ನಮಗೆ ಈ ಪ್ರಶ್ನೆಯ ಬಿಸಿ ಬೇಗ ತಟ್ಟುತ್ತದೆ. ನಮ್ಮ ದೇಶದಲ್ಲಿ ಪೋಲೀಸರ ವಯೋಮಿತಿ ಸಾಮಾನ್ಯವಾಗಿ ಸರಕಾರದ ನೇಮಕಾತಿ ನಿಯಮಗಳಲ್ಲಿರುತ್ತದೆ. ಸಡಿಲಿಕೆ ಸಿಕ್ಕುವುದು ಪರಿಶಿಷ್ಟರು, ಹಿಂದುಳಿದವರು, ಮಾಜಿ ಸೈನಿಕರು ಎಂದು ವರ್ಗಕ್ಕೆ, ಹೆಸರು ಹಿಡಿದಲ್ಲ. ಈ ಪದ್ಧತಿ ಒಬ್ಬೊಬ್ಬನ ಕಷ್ಟವನ್ನು ಕೇಳುವುದಿಲ್ಲ ನಿಜ, ಆದರೆ ಪರಿಚಯವಿದ್ದವನು ಯಾರು, ಇಲ್ಲದವನು ಯಾರು ಎಂದೂ ಕೇಳುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ನಮ್ಮದನ್ನೇ ಆರಿಸುವೆನು. ಮೂರು ತಿಂಗಳು ಮಾತ್ರ ಉಳಿದಿದ್ದಾಗ ಕೇಳಿದ್ದರೆ ಏನೆನ್ನುತ್ತಿದ್ದೆನೋ ಬೇರೆ ಮಾತು.

ಇಷ್ಟೆಲ್ಲ ಆಗಿ ಕೈಗೆ ಬರುವುದೇನು? ನೌಕರಿಯಲ್ಲ, ಅರ್ಹತೆ ಮಾತ್ರ. ಉಳಿದ ಷರತ್ತುಗಳನ್ನೆಲ್ಲ ಅವನು ಪೂರೈಸಲೇಬೇಕು. ಗವರ್ನರರ ರುಜು ಬಿದ್ದ ಮೇಲೆಯೂ ಆತನು ತನಗಿಂತ ಹತ್ತು ವರ್ಷ ಚಿಕ್ಕವರೊಡನೆ ಅದೇ ಪಟ್ಟಿಯಲ್ಲಿ, ತನ್ನ ಸರದಿಗಾಗಿ ಕಾಯಬೇಕು.