ಉದ್ದನೆಯ ಮೇಜು, ಅಗಲ ಪರದೆ: ಡಿಜಿಟಲ್ ಪಿನ್‌ಬಾಲ್‌ನಲ್ಲಿ ನೋಟದ ಕೋನ ಬೆಳೆದುಬಂದ ಬಗೆ

ಇಳಿಜಾರಾಗಿ ಕೂರಿಸಿ ಗಾಜು ಮುಚ್ಚಿದ ಮೇಜಿನೊಳಗೆ ಉಕ್ಕಿನ ಚೆಂಡನ್ನು ಸ್ಪ್ರಿಂಗಿನ ಹಿಡಿಯಿಂದ ಮೇಲಕ್ಕೆ ಚಿಮ್ಮಿಸಿ, ಅದು ಉರುಳುತ್ತ ಕೆಳಗಿಳಿದಾಗ ಫ್ಲಿಪ್ಪರ್ ಎಂಬ ಎರಡು ಪುಟ್ಟ ತೋಳುಗಳಿಂದ ಮತ್ತೆ ಮೇಲಕ್ಕೆ ಹೊಡೆದು ಅಂಕ ಗಳಿಸುವ ಆಟವೇ ಪಿನ್‌ಬಾಲ್. ಈ ಆಟವನ್ನು ಗಣಕದ ಪರದೆಗೆ ತಂದವರಿಗೆಲ್ಲ ಚೆಂಡಿನ ಚಲನೆಯನ್ನು ಲೆಕ್ಕ ಹಾಕುವುದು ಎಷ್ಟು ಕಷ್ಟವಾಯಿತೋ, ಮೇಜನ್ನು ಪರದೆಯಲ್ಲಿ ಹಿಡಿಸುವುದೂ ಅಷ್ಟೇ ಕಷ್ಟವಾಯಿತು. ಏಕೆಂದರೆ ಮೇಜು ಉದ್ದವಾಗಿದೆ, ಪರದೆಯಾದರೋ ಬಹುಕಾಲ ಅಡ್ಡವಾಗಿಯೇ ಇತ್ತು. ಈ ಹೊಂದಾಣಿಕೆಯಿಲ್ಲದ ಜೋಡಿಯನ್ನು ಕೂಡಿಸಲು ನಾಲ್ಕು ದಶಕಗಳಲ್ಲಿ ನಡೆದ ಪ್ರಯತ್ನಗಳನ್ನು ಈ ಲೇಖನ ಕಾಲಕ್ರಮದಲ್ಲಿ ಪರಿಶೀಲಿಸುತ್ತದೆ. ಪಿನ್‌ಬಾಲ್‌ನಲ್ಲಿ ಕ್ಯಾಮೆರಾ ಎಲ್ಲಿದೆ ಎಂಬುದು ಅಲಂಕಾರದ ಸಂಗತಿಯಾಗಿರದೆ, ಆಟಗಾರನಿಗೆ ಯಾವ ಕ್ಷಣದಲ್ಲಿ ಏನು ತಿಳಿದಿರಬೇಕೆಂಬುದನ್ನು ಗೊತ್ತುಪಡಿಸುವ ನಿಯಮವೇ ಆಗಿದೆ ಎಂಬುದನ್ನು ಈ ಇತಿಹಾಸ ತೋರಿಸಿಕೊಡುತ್ತದೆ.

ಮೇಜಿನ ಲೆಕ್ಕ

ಅಮೆರಿಕದಲ್ಲಿ ನೆಲೆಸಿದ್ದ ಮಾಂಟೇಗ್ ರೆಡ್‌ಗ್ರೇವ್ 1871ರಲ್ಲಿ ಬ್ಯಾಗಟೆಲ್ ಎಂಬ ಹಳೆಯ ಆಟದ ಹಲಗೆಯ ಸುಧಾರಣೆಗೆ ಹಕ್ಕುಪತ್ರ ಪಡೆದಾಗ ಸ್ಪ್ರಿಂಗಿನ ಹಿಡಿ ಆಟಕ್ಕೆ ಸೇರಿತು. 1931ರಲ್ಲಿ ಡೇವಿಡ್ ಗಾಟ್ಲೀಬ್‌ನ ‘ಬ್ಯಾಫಲ್ ಬಾಲ್’ ಅದನ್ನು ಅಂಗಡಿ ಮುಂಗಟ್ಟುಗಳಿಗೆ ತಲುಪಿಸಿತು. 1947ರ ‘ಹಂಪ್ಟಿ ಡಂಪ್ಟಿ’ಯಲ್ಲಿ ಫ್ಲಿಪ್ಪರ್‌ಗಳು ಬಂದವು. ಮುಂದೆ ರೂಢಿಗೆ ಬಂದ ಸಾಮಾನ್ಯ ಮೇಜಿನ ಆಟದ ಹಲಗೆ 20.25 ಅಂಗುಲ ಅಗಲ, 42 ಅಂಗುಲ ಉದ್ದವಿದ್ದು, ಸುಮಾರು 6.5 ಡಿಗ್ರಿ ಓರೆಯಾಗಿರುತ್ತದೆ. ಅದರ ಮೇಲೆ ಓಡುವ ಚೆಂಡಿನ ವ್ಯಾಸ ಸುಮಾರು 27 ಮಿಲಿಮೀಟರ್, ತೂಕ ಸುಮಾರು 80 ಗ್ರಾಂ. ಅಗಲಕ್ಕೆ ಹೋಲಿಸಿದರೆ ಉದ್ದ ಎರಡು ಪಟ್ಟಿಗಿಂತ ತುಸು ಹೆಚ್ಚು ಎಂಬ ಈ ಅನುಪಾತವೇ ಮುಂದಿನ ಎಲ್ಲ ತೊಡಕುಗಳ ಮೂಲ.

ಇಂದಿನ 1920 ಅಡ್ಡ, 1080 ಉದ್ದದ ಪಿಕ್ಸೆಲ್‌ಗಳ ಮಾನಿಟರ್‌ನಲ್ಲಿ ಇಂಥ ಮೇಜನ್ನು ನೇರ ಮೇಲಿನಿಂದ ಕಂಡಂತೆ ಪೂರ್ತಿಯಾಗಿ ಬಿಡಿಸಿದರೆ, ಅದರ ಅಗಲಕ್ಕೆ ಸಿಗುವುದು ಸುಮಾರು 520 ಪಿಕ್ಸೆಲ್ ಮಾತ್ರ. ಅಂದರೆ ಪರದೆಯ ಶೇಕಡ 27ರಷ್ಟು ಜಾಗ ಬಳಕೆಯಾಗಿ ಉಳಿದದ್ದು ಖಾಲಿ ಬೀಳುತ್ತದೆ. ಅದೇ ಮಾನಿಟರನ್ನು ಎದ್ದು ನಿಲ್ಲಿಸಿದರೆ ಬಳಕೆಯಾಗುವ ಜಾಗ ಶೇಕಡ 86ಕ್ಕೆ ಏರುತ್ತದೆ. 24 ಅಂಗುಲದ ಮಾನಿಟರ್‌ನಲ್ಲಿ ಅಳೆದರೆ ಚೆಂಡು ಮೊದಲ ಕ್ರಮದಲ್ಲಿ 8 ಮಿಲಿಮೀಟರಿಗೂ ಕಡಿಮೆ, ಎರಡನೆಯದರಲ್ಲಿ ಸುಮಾರು 13 ಮಿಲಿಮೀಟರ್ ಕಾಣುತ್ತದೆ. ಫ್ಲಿಪ್ಪರಿನ ಬುಡಕ್ಕೆ ಬಂದ ಚೆಂಡನ್ನು ಅದು ಎಲ್ಲಿಗೆ ತಲುಪಿದಾಗ ಹೊಡೆಯಬೇಕೆಂಬುದೇ ಆಟದ ಕೌಶಲವಾದ್ದರಿಂದ ಈ ಅಂತರ ಸಣ್ಣದೇನಲ್ಲ.

ಕತ್ತರಿಸಿ ತೋರಿಸಿದ ಕಾಲ

ಅಟಾರಿ ಸಂಸ್ಥೆ 1979ರಲ್ಲಿ ಹೊರತಂದ ‘ವಿಡಿಯೊ ಪಿನ್‌ಬಾಲ್’ ಎಂಬ ಆರ್ಕೇಡ್ ಯಂತ್ರ ಪರದೆಯ ಚಿತ್ರವನ್ನು ಕನ್ನಡಿಯ ನೆರವಿನಿಂದ ಬಣ್ಣದ ಹಿನ್ನೆಲೆಯ ಮೇಲೆ ಕೂಡಿಸಿ ತೋರಿಸುತ್ತಿತ್ತು. ಮನೆಯ ಗಣಕಗಳಿಗೆ ಅಂಥ ಅನುಕೂಲವಿರಲಿಲ್ಲ. ಬಿಲ್ ಬಜ್ 1981ರಲ್ಲಿ ಆಪಲ್-2 ಗಣಕಕ್ಕಾಗಿ ಬರೆದ ‘ರಾಸ್ಟರ್ ಬ್ಲಾಸ್ಟರ್’, ಅನಂತರ ಬಳಕೆದಾರರೇ ತಮ್ಮ ಮೇಜನ್ನು ಕಟ್ಟಿಕೊಳ್ಳಲು ಅವರು ರೂಪಿಸಿದ ‘ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್’ ಇವೆರಡೂ ಇಡೀ ಮೇಜನ್ನು ಒಂದೇ ಪರದೆಗೆ ಕುಗ್ಗಿಸಿ ಮೇಲಿನಿಂದ ತೋರಿಸಿದವು. ಸುಮಾರು 240 ಸಾಲುಗಳ ಟಿ.ವಿ. ಚಿತ್ರದಲ್ಲಿ ನಿಜ ಅನುಪಾತದ ಮೇಜನ್ನು ಹಿಡಿಸಿದರೆ ಚೆಂಡಿಗೆ ಉಳಿಯುವುದು ಆರು ಸಾಲು ಮಾತ್ರವಾದ್ದರಿಂದ ಆ ಕಾಲದ ಮೇಜುಗಳು ಬಹುಮಟ್ಟಿಗೆ ಮೋಟಾಗಿಯೂ ಸರಳವಾಗಿಯೂ ಇದ್ದವು.

ಇದಕ್ಕೆ ನಿಂಟೆಂಡೊ ಸಂಸ್ಥೆ 1984ರ ‘ಪಿನ್‌ಬಾಲ್’ನಲ್ಲಿ ಕಂಡುಕೊಂಡ ಪರಿಹಾರ ಮೇಜನ್ನು ಮೇಲರ್ಧ, ಕೆಳಅರ್ಧ ಎಂದು ಎರಡು ತುಂಡು ಮಾಡುವುದು. ಚೆಂಡು ಗಡಿ ದಾಟಿದೊಡನೆ ಒಂದು ಚಿತ್ರ ಮಾಯವಾಗಿ ಇನ್ನೊಂದು ಬರುತ್ತದೆ. ಎರಡರಲ್ಲೂ ಫ್ಲಿಪ್ಪರ್‌ಗಳಿರುವುದರಿಂದ ಪ್ರತಿ ಅರ್ಧವೂ ತನ್ನಷ್ಟಕ್ಕೆ ಒಂದು ಆಟವಾಗುತ್ತದೆ. 1988ರ ‘ಏಲಿಯನ್ ಕ್ರಶ್’ ಕೂಡ ಇದೇ ಹಾದಿ ಹಿಡಿಯಿತು. ಚಿತ್ರ ದೊಡ್ಡದಾಯಿತಾದರೂ ಆಟಗಾರ ತೆರಬೇಕಾದ ಬೆಲೆ ಇತ್ತು: ಮೇಲಿನಿಂದ ವೇಗವಾಗಿ ಬೀಳುವ ಚೆಂಡು ಕೆಳಗಿನ ಚಿತ್ರದಲ್ಲಿ ಹಠಾತ್ತನೆ ಪ್ರತ್ಯಕ್ಷವಾಗುತ್ತಿದ್ದುದರಿಂದ ಅದರ ದಾರಿಯನ್ನು ಮುಂಚಿತವಾಗಿ ಅಂದಾಜಿಸುವ ಅವಕಾಶ ತಪ್ಪಿಹೋಗುತ್ತಿತ್ತು.

ಸರಿಯುವ ಚಿತ್ರ

1990ರ ‘ಡೆವಿಲ್ಸ್ ಕ್ರಶ್’ ಮೂರು ಹಂತಗಳ ಮೇಜನ್ನು ಕತ್ತರಿಸದೆ, ಚೆಂಡಿನ ಜೊತೆಗೆ ಮೇಲಕ್ಕೂ ಕೆಳಕ್ಕೂ ಸರಿಯುವ ಒಂದೇ ಚಿತ್ರವಾಗಿ ತೋರಿಸಿತು. ಸ್ಕ್ರೋಲಿಂಗ್ ಎಂದು ಕರೆಯುವ ಈ ಕ್ರಮಕ್ಕೆ ಹೆಚ್ಚಿನ ಪ್ರಸಿದ್ಧಿ ಬಂದುದು ಸ್ವೀಡನ್ನಿನ ಡಿಜಿಟಲ್ ಇಲ್ಯೂಷನ್ಸ್ ತಂಡ 1992ರಲ್ಲಿ ಅಮಿಗಾ ಗಣಕಕ್ಕಾಗಿ ಹೊರತಂದ ‘ಪಿನ್‌ಬಾಲ್ ಡ್ರೀಮ್ಸ್’ ಮತ್ತು ‘ಪಿನ್‌ಬಾಲ್ ಫ್ಯಾಂಟಸೀಸ್’ಗಳಿಂದ, ಚಿತ್ರವನ್ನು ನಯವಾಗಿ ಸರಿಸುವ ಸೌಲಭ್ಯ ಅಮಿಗಾದ ಯಂತ್ರಾಂಶದಲ್ಲೇ ಇತ್ತು. ಮರುವರ್ಷ ಜೇಮ್ಸ್ ಶ್ಮಾಲ್ಜ್ ರಚಿಸಿದ ‘ಎಪಿಕ್ ಪಿನ್‌ಬಾಲ್’ ಈ ಕ್ರಮವನ್ನು ಡಾಸ್ ಗಣಕಗಳಿಗೆ ಒಯ್ದಿತು.

ಸ್ಕ್ರೋಲಿಂಗ್‌ನಲ್ಲಿ ಮೇಜಿನ ಅನುಪಾತ ಕೆಡುವುದಿಲ್ಲ, ಚೆಂಡೂ ದೊಡ್ಡದಾಗಿ ಕಾಣುತ್ತದೆ. ಆದರೆ ಕಣ್ಣು ನೆಚ್ಚಿಕೊಂಡ ನೆಲವೇ ಚಲಿಸುವುದರಿಂದ ಚೆಂಡಿನ ನಿಜವಾದ ವೇಗವನ್ನು ಅಳೆಯುವುದು ಕಷ್ಟವಾಗುತ್ತದೆ. ಚೆಂಡು ಮೇಲಿದ್ದಾಗ ಫ್ಲಿಪ್ಪರ್‌ಗಳು ಕಾಣುವುದಿಲ್ಲ, ಕೆಳಗಿದ್ದಾಗ ಗುರಿಗಳು ಕಾಣುವುದಿಲ್ಲ, ಹಾಗಾಗಿ ಮೇಜಿನ ನಕ್ಷೆಯನ್ನು ಆಟಗಾರ ನೆನಪಿನಲ್ಲಿ ಹೊತ್ತುಕೊಂಡೇ ಆಡಬೇಕು. ಏಕಕಾಲದಲ್ಲಿ ಹಲವು ಚೆಂಡುಗಳು ಓಡುವ ಮಲ್ಟಿಬಾಲ್ ಹಂತದಲ್ಲಂತೂ ಯಾವ ಚೆಂಡನ್ನು ಹಿಂಬಾಲಿಸಬೇಕೆಂಬುದೇ ಸಮಸ್ಯೆ. ಮಲ್ಟಿಬಾಲ್ ಸೇರಿಸಿಕೊಂಡ 1995ರ ‘ಪಿನ್‌ಬಾಲ್ ಇಲ್ಯೂಷನ್ಸ್’ ಹೆಚ್ಚು ಸೂಕ್ಷ್ಮವಾದ ಪರದೆಯಲ್ಲಿ ಇಡೀ ಮೇಜನ್ನು ಕಾಣುವ ಆಯ್ಕೆಯನ್ನೂ ಕೊಟ್ಟದ್ದು ಇದಕ್ಕೆ ಹೊಂದುವಂಥ ಉತ್ತರವಾಗಿತ್ತು.

ಓರೆ ನೋಟ ಮತ್ತು ವಿಂಡೋಸ್ ಮೇಜು

ಮೇಜನ್ನು ಕುಗ್ಗಿಸದೆ, ಕತ್ತರಿಸದೆ, ಸರಿಸದೆ ಪರದೆಯಲ್ಲಿ ಹಿಡಿಸುವ ಇನ್ನೊಂದು ಉಪಾಯ ಕ್ಯಾಮೆರಾವನ್ನೇ ಓರೆಯಾಗಿಸುವುದು. ನಿಜವಾದ ಯಂತ್ರದ ಮುಂದೆ ನಿಂತವನಿಗೂ ಮೇಜು ನೇರ ಮೇಲಿನಿಂದ ಕಾಣುವುದಿಲ್ಲ. ಹತ್ತಿರದ ಫ್ಲಿಪ್ಪರ್‌ಗಳು ದೊಡ್ಡದಾಗಿಯೂ ಚೆಂಡನ್ನು ಪುಟಿಸುವ ದೂರದ ಬಂಪರ್‌ಗಳು ಚಿಕ್ಕದಾಗಿಯೂ ಕಾಣುತ್ತವೆ. ದೂರದಿಂದಾಗುವ ಈ ಕುಗ್ಗುವಿಕೆಯನ್ನು ಬದಿಗಿಟ್ಟು ಕೋನವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ ಲಾಭ ಸ್ಪಷ್ಟವಾಗಿದೆ: ಮೇಜಿನ ಮಟ್ಟದಿಂದ 45 ಡಿಗ್ರಿ ಎತ್ತರದಲ್ಲಿ ನೋಡಿದಾಗ 42 ಅಂಗುಲದ ಉದ್ದ ಸುಮಾರು 30 ಅಂಗುಲದಷ್ಟೂ, 30 ಡಿಗ್ರಿಗೆ ಇಳಿದಾಗ 21 ಅಂಗುಲದಷ್ಟೂ ತೋರುತ್ತದೆ. ಅಂದರೆ ಕ್ಯಾಮೆರಾ ಕೆಳಗಿಳಿದಂತೆ ಉದ್ದನೆಯ ಮೇಜು ಚೌಕಕ್ಕೆ ಹತ್ತಿರವಾಗುತ್ತ ಅಗಲ ಪರದೆಯನ್ನು ತುಂಬುತ್ತದೆ. ಆದರೆ ಮೇಲ್ತುದಿಯ ಗುರಿಗಳು ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತವೆ, ರ‍್ಯಾಂಪ್ ಎಂಬ ಏರುದಾರಿಗಳ ಹಿಂದೆ ಚೆಂಡು ಮರೆಯಾಗುತ್ತದೆ.

1995ರಲ್ಲಿ ಈ ಕ್ರಮದ ಎರಡು ಮುಖ್ಯ ಕೃತಿಗಳು ಬಂದವು. ಬ್ರಿಟನ್ನಿನ ‘ಪ್ರೊ ಪಿನ್‌ಬಾಲ್: ದಿ ವೆಬ್’ ಮೇಜಿನ ಮೂರು ಆಯಾಮದ ಚಿತ್ರವನ್ನು ಮೊದಲೇ ಗಣಕದಲ್ಲಿ ವಿವರವಾಗಿ ಬಿಡಿಸಿಟ್ಟು, ಆಡುವಾಗ ಅದರ ಮೇಲೆ ಚೆಂಡನ್ನು ಮಾತ್ರ ಓಡಿಸಿತು. ಮೊದಲೇ ಬಿಡಿಸಿದ ಚಿತ್ರವಾದ್ದರಿಂದ ಕ್ಯಾಮೆರಾದ ಪ್ರತಿಯೊಂದು ಕೋನಕ್ಕೂ ಬೇರೆ ಚಿತ್ರ ಬೇಕಾಗುತ್ತಿತ್ತು. ಹಾಗಾಗಿ ಆಟಗಾರನಿಗೆ ಸಿಗುತ್ತಿದ್ದುದು ಗೊತ್ತುಪಡಿಸಿದ ಕೆಲವು ಕೋನಗಳ ಆಯ್ಕೆ ಮಾತ್ರ. ಎರಡನೆಯದು ಸಿನೆಮಾಟ್ರಾನಿಕ್ಸ್ ರಚಿಸಿ ಮ್ಯಾಕ್ಸಿಸ್ ಪ್ರಕಟಿಸಿದ ‘ಫುಲ್ ಟಿಲ್ಟ್! ಪಿನ್‌ಬಾಲ್’, ಅದರ ‘ಸ್ಪೇಸ್ ಕೆಡೆಟ್’ ಮೇಜು ವಿಂಡೋಸ್ 95ರ ಪ್ಲಸ್! ಕಟ್ಟಿನಲ್ಲಿಯೂ, ಅನಂತರ ವಿಂಡೋಸ್ 2000, ಎಂ.ಇ., ಎಕ್ಸ್.ಪಿ.ಗಳಲ್ಲಿಯೂ ಸೇರಿಕೊಂಡಿತು. ಅದೇ ವರ್ಷದ ‘3-ಡಿ ಅಲ್ಟ್ರಾ ಪಿನ್‌ಬಾಲ್’ ಇವೆರಡಕ್ಕಿಂತ ಭಿನ್ನವಾಗಿ ಮೇಜಿನ ಆಕಾರವನ್ನೇ ಬದಲಿಸಿ, ಅಡ್ಡ ಪರದೆಗೆ ಒಗ್ಗುವ ಅಗಲ ಮೇಜುಗಳನ್ನು ಕಲ್ಪಿಸಿತು.

ದಕ್ಷಿಣ ಬೆಂಗಳೂರಿನ ಓದುಗರಿಗೆ ಈ ಇತಿಹಾಸದಲ್ಲಿ ಹೆಚ್ಚು ಪರಿಚಿತವಾದ ಘಟ್ಟ ಇದೇ. ನಿಜವಾದ ಪಿನ್‌ಬಾಲ್ ಯಂತ್ರ ಇಲ್ಲಿ ಎಂದೂ ಬೀದಿಬೀದಿಯ ವಸ್ತುವಾಗಿರಲಿಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಮನೆ, ಸೈಬರ್ ಕೆಫೆ, ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ವಿಂಡೋಸ್ ಎಕ್ಸ್.ಪಿ. ಬಂದಾಗ ಅದರ ಜೊತೆಗೇ ಪಿನ್‌ಬಾಲ್ ಬಂತು. ಜೆಡ್ ಕೀಲಿ ಎಡ ಫ್ಲಿಪ್ಪರಿಗೆ, ಓರೆಗೆರೆಯ ಕೀಲಿ ಬಲ ಫ್ಲಿಪ್ಪರಿಗೆ, ಸ್ಪೇಸ್ ಕೀಲಿ ಸ್ಪ್ರಿಂಗಿನ ಹಿಡಿಗೆ ಎಂಬ ವ್ಯವಸ್ಥೆಯಲ್ಲಿ ಎರಡು ಕೈಗಳೂ ಕೀಲಿಮಣೆಯ ಎರಡು ಬದಿಗೆ ಹೋಗುತ್ತಿದ್ದುದರಿಂದ ಯಂತ್ರದ ಇಬ್ಬದಿಯ ಗುಂಡಿಗಳನ್ನು ಒತ್ತುವ ಅನುಭವದ ಛಾಯೆಯೊಂದು ಸಿಗುತ್ತಿತ್ತು. ಆ ಮೇಜಿನ ವಿನ್ಯಾಸ ಜಾಣತನದ್ದು: ಮೇಜು ತುಸು ಓರೆಯಾಗಿ ಕಿಟಕಿಯ ಎಡಭಾಗದಲ್ಲಿ ಪೂರ್ತಿಯಾಗಿ ಕಾಣುತ್ತದೆ, ಅಡ್ಡ ಪರದೆಯಲ್ಲಿ ಮಿಕ್ಕ ಬಲಭಾಗ ಅಂಕ, ಚೆಂಡಿನ ಸಂಖ್ಯೆ ಮತ್ತು ಸೂಚನೆಗಳಿಗೆ ಬಳಕೆಯಾಗುತ್ತದೆ, ಆಡುವಾಗ ಏನೂ ಸರಿಯುವುದಿಲ್ಲ. ಚೆಂಡು ಚಿಕ್ಕದಾದರೂ ನೋಟ ಸ್ಥಿರವಾಗಿದ್ದುದರಿಂದ ಹೊಸಬರೂ ಕೆಲವೇ ನಿಮಿಷಗಳಲ್ಲಿ ಆಟ ಹಿಡಿಯಬಹುದಾಗಿತ್ತು.

ಪರದೆಯನ್ನೇ ತಿರುಗಿಸಿದವರು

ಕ್ಯಾಮೆರಾವನ್ನು ಬಗ್ಗಿಸುವ ಬದಲು ಪರದೆಯನ್ನು 90 ಡಿಗ್ರಿ ತಿರುಗಿಸುವುದು ಆರ್ಕೇಡ್ ಯಂತ್ರಗಳಲ್ಲಿ ಮೊದಲಿನಿಂದಲೂ ಇದ್ದ ಪದ್ಧತಿ. ರ‍್ಯಾಂಡಿ ಡೇವಿಸ್ 2000ದಲ್ಲಿ ಬಿಡುಗಡೆ ಮಾಡಿದ ‘ವಿಷುಯಲ್ ಪಿನ್‌ಬಾಲ್’ ಎಂಬ ಉಚಿತ ತಂತ್ರಾಂಶ ಹಳೆಯ ಯಂತ್ರಗಳನ್ನು ಗಣಕದಲ್ಲಿ ಮರುಸೃಷ್ಟಿಸುವ ಹವ್ಯಾಸಿಗಳ ಬಳಗವನ್ನು ಬೆಳೆಸಿತು. ಅವರಲ್ಲಿ ಹಲವರು ದೊಡ್ಡ ಟಿ.ವಿ. ಪರದೆಯನ್ನು ಮರದ ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿ, ಎದುರಿಗೆ ಅಂಕಗಳಿಗಾಗಿ ಇನ್ನೊಂದು ಪರದೆ ನಿಲ್ಲಿಸಿ, ಇಬ್ಬದಿಗೆ ಗುಂಡಿ ಕೂರಿಸಿ ಕ್ಯಾಬಿನೆಟ್ ಕಟ್ಟಿದರು. ಇಲ್ಲಿ ಪರದೆಯೇ ಮೇಜಿನ ಜಾಗದಲ್ಲಿರುವುದರಿಂದ ಓರೆ ನೋಟವನ್ನು ಆಟಗಾರನ ಕಣ್ಣೇ ಒದಗಿಸುತ್ತದೆ. ಚಿತ್ರದಲ್ಲಿಯೂ ಓರೆ ಸೇರಿಸಿದರೆ ಕುಗ್ಗುವಿಕೆ ಎರಡು ಬಾರಿ ನಡೆದಂತಾಗಿ ಮೇಲ್ತುದಿ ವಿಕಾರಗೊಳ್ಳುತ್ತದೆ. ಆದ್ದರಿಂದ ಕ್ಯಾಬಿನೆಟ್‌ಗಾಗಿಯೇ ಬೇರೆ ಕ್ಯಾಮೆರಾ ಹೊಂದಿಕೆ ಬೇಕಾಯಿತು.

ಮೇಜಿನ ಮೇಲಿನ ಮಾನಿಟರನ್ನು ತಿರುಗಿಸುವುದಕ್ಕೂ ಮಿತಿಗಳುಂಟು. ಹಳೆಯ ಗಾಜಿನ ಕೊಳವೆಯ ಮಾನಿಟರ್ ಭಾರವಾದದ್ದು, ತಿರುಗಿಸಿದರೆ ಬಣ್ಣ ಕೆಡುವಂಥದ್ದು. ಅಗ್ಗದ ಟಿ.ಎನ್. ಬಗೆಯ ಎಲ್‌.ಸಿ.ಡಿ. ಫಲಕಗಳಲ್ಲಿ ಕೆಳಗಿನಿಂದ ನೋಡಿದಾಗ ಬಣ್ಣ ಕಪ್ಪಿಡುವ ದೋಷವಿದ್ದು, ಎದ್ದು ನಿಲ್ಲಿಸಿದಾಗ ಆ ದೋಷ ಪಕ್ಕಕ್ಕೆ ಬಂದು ಎರಡು ಕಣ್ಣಿಗೂ ಬೇರೆಬೇರೆ ಬಣ್ಣ ತೋರುತ್ತದೆ, ಐ.ಪಿ.ಎಸ್. ಬಗೆಯ ಫಲಕಗಳು ಬಳಕೆಗೆ ಬಂದ ಮೇಲೆ ಈ ತೊಂದರೆ ಕಡಿಮೆಯಾಯಿತು.

ಚಲಿಸುವ ಕ್ಯಾಮೆರಾ

ಗ್ರಾಫಿಕ್ಸ್ ಯಂತ್ರಾಂಶ ಬಲವಾದಂತೆ ಮೇಜನ್ನು ಆಡುವ ಹೊತ್ತಿನಲ್ಲೇ ಮೂರು ಆಯಾಮದಲ್ಲಿ ಬಿಡಿಸುವುದು ಸಾಧ್ಯವಾಗಿ, ಕೋನಗಳ ಮೇಲಿನ ಮಿತಿ ಕಳಚಿತು. ಬುಡಾಪೆಸ್ಟಿನ ಜೆನ್ ಸ್ಟುಡಿಯೋಸ್ 2007ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ತಂದ ‘ಪಿನ್‌ಬಾಲ್ ಎಫ್‌ಎಕ್ಸ್’ ಮತ್ತು ಅದರ ಮುಂದಿನ ಭಾಗಗಳಲ್ಲಿ, ಹಾಗೂ ಕ್ಯಾಲಿಫೋರ್ನಿಯಾದ ಫಾರ್‌ಸೈಟ್ ಸ್ಟುಡಿಯೋಸ್ 2012ರಲ್ಲಿ ತಂದ ‘ದಿ ಪಿನ್‌ಬಾಲ್ ಆರ್ಕೇಡ್’ನಲ್ಲಿ ಸ್ಥಿರ ನೋಟಗಳೂ ಚೆಂಡನ್ನು ಹಿಂಬಾಲಿಸುವ ನೋಟಗಳೂ ಸಿಗುತ್ತವೆ. ಹಿಂಬಾಲಿಸುವ ಕ್ಯಾಮೆರಾ ಅಗಲ ಟಿ.ವಿ.ಯಲ್ಲಿ ನೋಡುಗರಿಗೆ ಬೆಡಗಿನದು. ಆದರೆ ಹಳೆಯ ಸ್ಕ್ರೋಲಿಂಗ್‌ನ ತೊಡಕು ಹೊಸ ವೇಷದಲ್ಲಿ ಮರಳಿದ್ದರಿಂದ, ಹೊಡೆತದ ನಿಖರತೆ ಬಯಸುವವರು ಸ್ಥಿರ ನೋಟವನ್ನೇ ಆರಿಸಿಕೊಳ್ಳುತ್ತಾರೆ.

ಕೈಯಲ್ಲಿ ಹಿಡಿಯುವ ಮೇಜು

ಕೈಯಾಟಿಕೆಗಳಲ್ಲಿ ಪ್ರಯೋಗ ಬೇರೆ ದಿಕ್ಕಿನಲ್ಲಿ ಸಾಗಿತ್ತು. 2005ರ ‘ಮೆಟ್ರಾಯ್ಡ್ ಪ್ರೈಮ್ ಪಿನ್‌ಬಾಲ್’ ನಿಂಟೆಂಡೊ ಡಿ.ಎಸ್. ಸಾಧನದ ಮೇಲೆ ಕೆಳಗಿನ ಎರಡು ಪರದೆಗಳಿಗೂ ಒಂದೇ ಮೇಜನ್ನು ಹಾಸಿತು. ಎರಡರ ನಡುವಿನ ಸಂದಿಯಲ್ಲಿ ಚೆಂಡು ಕ್ಷಣಕಾಲ ಕಾಣೆಯಾಗುವುದನ್ನು ಆಟಗಾರ ಸಹಿಸಿಕೊಳ್ಳಬೇಕಿತ್ತು. ನಿಂಟೆಂಡೊ ಸ್ವಿಚ್‌ಗೆ 2017ರಲ್ಲಿ ಬಂದ ‘ಪಿನ್‌ಬಾಲ್ ಎಫ್‌ಎಕ್ಸ್‌3’ ಸಾಧನವನ್ನು ಉದ್ದವಾಗಿ ನಿಲ್ಲಿಸಿ ಆಡುವ ಕ್ರಮವನ್ನು ಕೊಟ್ಟಿತು; ಹಾಗೆ ಹಿಡಿಯುವುದಕ್ಕೆಂದೇ ‘ಫ್ಲಿಪ್ ಗ್ರಿಪ್’ ಎಂಬ ಹಿಡಿಕೆ 2018ರಲ್ಲಿ ಮಾರುಕಟ್ಟೆಗೆ ಬಂತು.

ಈ ಸಮಸ್ಯೆಗೆ ಯಾರೂ ಯೋಜಿಸದ ಪರಿಹಾರ ಸ್ಮಾರ್ಟ್‌ಫೋನಿನಿಂದ ಬಂತು. 1080 ಅಗಲ, 2400 ಉದ್ದದ ಪಿಕ್ಸೆಲ್‌ಗಳ ಇಂದಿನ ಫೋನಿನಲ್ಲಿ ಮೇಜು ಪೂರ್ಣ ಅಗಲಕ್ಕೆ ಕೂತು ಸುಮಾರು 2240 ಪಿಕ್ಸೆಲ್ ಉದ್ದ ತೆಗೆದುಕೊಂಡರೂ ಅಂಕಗಳಿಗೆ ಮೇಲೊಂದು ಪಟ್ಟಿ ಉಳಿಯುತ್ತದೆ; ಪರದೆಯ ಶೇಕಡ 93ರಷ್ಟು ಮೇಜೇ ಆಗುತ್ತದೆ. ಎರಡು ಹೆಬ್ಬೆರಳುಗಳೂ ಫ್ಲಿಪ್ಪರ್‌ಗಳ ಪಕ್ಕಕ್ಕೇ ಬರುತ್ತವೆ. 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮೂಲಕ ಯಲಚೇನಹಳ್ಳಿಯವರೆಗೆ ಓಡತೊಡಗಿದ ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ನಿಂತು ಪಯಣಿಸುವವರು ಫೋನನ್ನು ಉದ್ದವಾಗಿಯೇ ಹಿಡಿಯುತ್ತಾರಾದ್ದರಿಂದ ಇಂಥ ಬಿಡುವಿನ ಆಟಕ್ಕೆ ಆ ಹಿಡಿತ ಸಹಜವಾಗಿ ಒಗ್ಗುತ್ತದೆ. ಕೊರತೆ ಇರುವುದು ಗಾತ್ರದಲ್ಲಿ: ಏಳು ಸೆಂಟಿಮೀಟರ್ ಅಗಲದ ಫೋನಿನಲ್ಲಿ ಚೆಂಡು ನಾಲ್ಕು ಮಿಲಿಮೀಟರಿಗೂ ಕಡಿಮೆ.

ಇಲ್ಲಿ ಕೇರಂನೊಡನೆ ಹೋಲಿಕೆ ಉಪಯುಕ್ತ. ಕೇರಂ ಹಲಗೆ ಸುಮಾರು 74 ಸೆಂಟಿಮೀಟರ್ ಬದಿಯ ಚೌಕ. ಅದರ ಮೇಲೆ ಏರುದಾರಿಗಳಿಲ್ಲ, ಯಾವ ಕಾಯಿಯೂ ಇನ್ನೊಂದರ ಹಿಂದೆ ಮರೆಯಾಗುವುದಿಲ್ಲ, ಹೊಡೆತದ ಕೋನವನ್ನು ಸಾವಕಾಶವಾಗಿ ಲೆಕ್ಕ ಹಾಕಬೇಕು. ಆದ್ದರಿಂದ ಫೋನಿನ ಕೇರಂ ಆಟಗಳಿಗೆ ನೇರ ಮೇಲಿನ ನೋಟವೇ ಸಾಕಾಗಿ, ಉದ್ದ ಪರದೆಯ ಮೇಲೂ ಕೆಳಗೂ ಮಿಕ್ಕ ಜಾಗ ಆಟಗಾರರ ಹೆಸರು, ಅಂಕಗಳಿಗೆ ಸಲ್ಲುತ್ತದೆ. ಪಿನ್‌ಬಾಲ್‌ನಲ್ಲಿ ಮಹಡಿಗಳಿವೆ, ವೇಗವಿದೆ, ಕಾಯುವ ಸಮಯವಿಲ್ಲ; ನೋಟದ ಆಯ್ಕೆ ಅಲ್ಲಿ ವಿವಾದವಾಗಿ ಉಳಿದಿರುವುದಕ್ಕೆ ಕಾರಣ ಇದೇ.

ಕಣ್ಣನ್ನು ಹಿಂಬಾಲಿಸುವ ನೋಟ

ತಲೆಯ ಚಲನೆಗೆ ತಕ್ಕಂತೆ ಚಿತ್ರದ ಕೋನ ಬದಲಾದರೆ ಚಪ್ಪಟೆ ಪರದೆಯೂ ಆಳವಾದ ಕಿಟಕಿಯಂತೆ ತೋರುತ್ತದೆಂಬುದನ್ನು ಸಂಶೋಧಕ ಜಾನಿ ಲೀ 2007ರಲ್ಲಿ ನಿಂಟೆಂಡೊದ ವೀ ರಿಮೋಟ್ ಬಳಸಿ ತೋರಿಸಿದ್ದರು. ಅದೇ ತತ್ತ್ವವನ್ನು ಹವ್ಯಾಸಿಗಳು ಪಿನ್‌ಬಾಲ್ ಕ್ಯಾಬಿನೆಟ್‌ಗಳಿಗೆ ಅಳವಡಿಸಿದರು. 2016ರ ‘ಪಿನ್‌ಬಾಲ್ ಎಫ್‌ಎಕ್ಸ್‌2 ವಿ.ಆರ್.’ನಂಥ ಆಟಗಳಲ್ಲಿ ತಲೆಗೆ ಧರಿಸುವ ಸಾಧನದ ಮೂಲಕ ಕ್ಯಾಮೆರಾ ಆಟಗಾರನ ಕಣ್ಣೇ ಆಗಿಬಿಟ್ಟಿದ್ದರಿಂದ, ಅಡ್ಡ ಉದ್ದಗಳ ಪ್ರಶ್ನೆಯೇ ಇಲ್ಲವಾಯಿತು. ಆದರೆ ಸಾಧನದ ಭಾರ ಮತ್ತು ಬೆಲೆ ಅದನ್ನು ಕೆಲವರ ಆಯ್ಕೆಯಾಗಿಯೇ ಉಳಿಸಿವೆ.

ಈ ಎಲ್ಲ ಘಟ್ಟಗಳನ್ನು ಒಟ್ಟಿಗೆ ನೋಡಿದರೆ, ಒಂದು ಕ್ರಮ ಇನ್ನೊಂದನ್ನು ಅಳಿಸಿಹಾಕಿದ್ದಿಲ್ಲ, ಪ್ರತಿಯೊಂದೂ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಂಡಿದೆ ಎಂಬುದು ಸ್ಪಷ್ಟವಾಗುತ್ತದೆ. ಚೆಂಡಿನ ಗಾತ್ರ, ಇಡೀ ಮೇಜಿನ ಏಕಕಾಲದ ದರ್ಶನ, ಆಳದ ಅರಿವು ಎಂಬ ಮೂರರಲ್ಲಿ ಅಡ್ಡ ಪರದೆ ಯಾವುದಾದರೂ ಎರಡನ್ನು ಮಾತ್ರ ಚೆನ್ನಾಗಿ ಕೊಡಬಲ್ಲದು. ಆದ್ದರಿಂದ ತಿರುಗಿಸಬಹುದಾದ ಪರದೆಯುಳ್ಳವರಿಗೆ ಉದ್ದ ಪರದೆಯೂ ಎತ್ತರದ ಸ್ಥಿರ ಕ್ಯಾಮೆರಾವೂ, ತಿರುಗಿಸಲಾಗದ ಟಿ.ವಿ. ಉಳ್ಳವರಿಗೆ 45 ಡಿಗ್ರಿಯ ಆಸುಪಾಸಿನ ಸ್ಥಿರ ಓರೆ ನೋಟವೂ ತಕ್ಕುದೆನ್ನಬಹುದು; ಹೊಸ ಮೇಜನ್ನು ಕಲಿಯುವಾಗ ಎತ್ತರದ ನೋಟದಿಂದ ಆರಂಭಿಸಿ, ದಾರಿಗಳು ಮನಸ್ಸಿನಲ್ಲಿ ನಿಂತ ಮೇಲೆ ಕ್ಯಾಮೆರಾವನ್ನು ತಗ್ಗಿಸಿ ಫ್ಲಿಪ್ಪರ್‌ಗಳನ್ನು ಹತ್ತಿರಕ್ಕೆ ತಂದುಕೊಳ್ಳುವುದೂ ಲಾಭದಾಯಕ. ಆಟ ತಯಾರಿಸುವವರ ಮಟ್ಟಿಗೆ ಹೇಳುವುದಾದರೆ, ಒಂದೇ ನೋಟವನ್ನು ಎಲ್ಲರ ಮೇಲೆ ಹೇರದೆ ಆಯ್ಕೆಯನ್ನು ತೆರೆದಿಡುವುದೇ ಈ ಇತಿಹಾಸದಿಂದ ಹೊರಡುವ ಪಾಠ, ಏಕೆಂದರೆ ಆಟಗಾರ ಯಾವ ಪರದೆಯ ಮುಂದೆ ಕೂತಿದ್ದಾನೆಂಬುದು ಮೇಜು ರೂಪಿಸಿದವರಿಗೆ ತಿಳಿದಿರುವುದಿಲ್ಲ.